ಹೆಮ್ಮರಗಾಲಕ್ಕೆ ಸಾಗಿಸಿದ ಹಿಂಡಿ ಮೂಟೆಗಳು

ನಾನು ಆಗ ತಿ. ನರಸೀಪುರದಲ್ಲಿದ್ದುಕೊಂಡು ವಿಮಾ ಸರ್ವೇಯರ್ ಕೆಲಸ ಮಾಡುತ್ತಿದ್ದೆ. ಈ ಸರ್ವೇಯರ್ ಜಮೀನು ಅಳೆಯುವವನಲ್ಲ, ನಷ್ಟ ಅಳೆಯುವವನು. ಬೆಂಕಿಯೋ ನೀರೋ ಬಂದುಹೋದ ಮೇಲೆ ಹೋಗಿ, ಏನು ಹಾಳಾಯಿತು, ಯಾಕೆ ಹಾಳಾಯಿತು ಎಂದು ಕಂಪನಿಗೆ ವರದಿ ಬರೆಯಬೇಕು. ಇಪ್ಪತ್ತಾರು ವರ್ಷ ಅಳುವ ಮುಖಗಳನ್ನೇ ನೋಡಿ ಸಾಕಾಗಿತ್ತು.

ಆ ವರ್ಷ ಮಳೆಗಾಲದಲ್ಲಿ ಕಪಿಲೆ ತುಂಬಿ ನಂಜನಗೂಡಿನ ತಗ್ಗಿನ ಬೀದಿಗಳಿಗೆ ನುಗ್ಗಿತು. ಒಂದೇ ಬೀದಿಯಲ್ಲಿ ಎರಡು ಕ್ಲೇಮುಗಳು. ಮೊದಲನೆಯದು ಸಿಮೆಂಟ್ ವ್ಯಾಪಾರಿಯದು. ಅಣೆಕಟ್ಟೆಯಿಂದ ನೀರು ಬಿಡುತ್ತಾರೆಂದು ಮೈಕಿನಲ್ಲಿ ಕೂಗಿದಾಗ ಆತ ಶಟರ್ ಎಳೆದು ನೆಂಟರ ಮನೆಗೆ ಹೋಗಿದ್ದ. ಸಿಮೆಂಟೆಲ್ಲ ಕಲ್ಲಾಗಿತ್ತು. ಪಾಲಿಸಿಯಲ್ಲಿ ಪ್ರವಾಹ ಸೇರಿತ್ತು, ಹಣ ಬಂತು.

ಎರಡನೆಯದು ಪಕ್ಕದಲ್ಲೇ ಹಿಂಡಿ, ಬೂಸಾ ಮಾರುತ್ತಿದ್ದ ಶಿವಮ್ಮಣ್ಣಿಯದು. ಗಂಡ ಹೋದ ಮೇಲೆ ಆ ಅಂಗಡಿಯೇ ಆಕೆಯ ಬದುಕು. ಒಳಗೆ ಮೊಳಕಾಲುದ್ದ ಕೆಸರು, ಮೂಟೆ ಒಂದೂ ಇಲ್ಲ.

"ಸ್ಟಾಕ್ ಎಲ್ಲಮ್ಮಾ?" ಎಂದೆ.

"ಎಮ್ಮರಗಾಲ್ದಲ್ಲಿ ಅವೆ ಸಾ, ನಮ್ಮಣ್ಣನ ಶೆಡ್ಡಲ್ಲಿ. ಮೈಕ್ ಕೂಗ್ದೇಟ್ಗೆ ಟೆಂಪೋಲಿ ಸಾಗುಸ್ಬುಟ್ಟೆ. ನಮ್ಮತ್ತೆ ಕಾಲ್ದಿಂದ್ಲೂ ಈ ಬೀದೀಲಿ ಅಂಗೇ ಕಣ್ ಸಾ, ಒಳೆ ಬರೋಕ್ ಮುಂಚೆ ದವಸ ಮ್ಯಾಕೆ ಓಗ್ಬೇಕು. ಅವತ್ತೇ ಗಾಳೀಗೆ ಶೀಟು ಕಿತ್ಕಂಡೋಗಿ ಎಲ್ಲಾ ನೆನ್ದೋಯ್ತು."

ಆಕೆಯ ಅಣ್ಣನ ಊರು ಹೆಮ್ಮರಗಾಲಕ್ಕೆ ಹೋಗಿ ನೋಡಿದೆ. ನೂರಾ ಹತ್ತು ಮೂಟೆ ಬೂಷ್ಟು ಹಿಡಿದು ನಾರುತ್ತಿದ್ದವು. ಬಿರುಗಾಳಿಯೂ ಪಾಲಿಸಿಯಲ್ಲಿತ್ತು. ಆದರೆ ಪಾಲಿಸಿ ಕಾಯುವುದು ಅದರಲ್ಲಿ ಬರೆದ ವಿಳಾಸದೊಳಗಿನ ಸರಕನ್ನು ಮಾತ್ರ. ಅದೇ ಪಾಲಿಸಿಯ ಇನ್ನೊಂದು ಷರತ್ತು, ವಿಮೆಯೇ ಇಲ್ಲದವರಂತೆ ಸರಕು ಉಳಿಸಿಕೊಳ್ಳಲು ಹೆಣಗಬೇಕು ಎನ್ನುತ್ತದೆ. ಅತ್ತ ದರಿ, ಇತ್ತ ಪುಲಿ. ಅಂಗಡಿಯಲ್ಲೇ ನೆನೆದವು, ಆಮೇಲೆ ಶೆಡ್ಡಿಗೆ ಸಾಗಿಸಿದೆ ಎಂದು ಆಕೆ ಒಂದು ಸುಳ್ಳು ಹೇಳಿದ್ದರೆ, ಆ ಕೆಸರು ನೋಡಿದ ನಾನು ನಂಬಿಬಿಡುತ್ತಿದ್ದೆ. ಇದ್ದದ್ದನ್ನು ಇದ್ದಂತೆ ಬರೆದು, ಅನುಕಂಪದಿಂದ ಪರಿಗಣಿಸಿ ಎಂದು ಕೊನೆಯಲ್ಲಿ ಎರಡು ಸಾಲು ಸೇರಿಸಿದೆ. ಕಂಪನಿ ಕ್ಲೇಮ್ ತಳ್ಳಿಹಾಕಿತು.

ಆಕೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು. "ಅಂಗಡೀಲೇ ಬುಟ್ಟಿದ್ರೆ ಕೊಡ್ತಿದ್ರಾ ಸಾ?"

"ಕೊಡ್ತಿದ್ರು," ಎಂದು ಫೋನ್ ಇಟ್ಟೆ. ಅಂದು ಇನ್ನೂ ನಾಲ್ಕು ಸರ್ವೆ ಬಾಕಿ ಇದ್ದವು. ಆಕೆಯ ಅಂಗಡಿ ಎಂಟು ತಿಂಗಳು ಮುಚ್ಚಿತ್ತು.

ಎರಡು ವರ್ಷದ ಮೇಲೆ ಹೊಳೆ ಮತ್ತೆ ಬಂತು. ಅದೇ ಬೀದಿಗೆ ಹೋದರೆ ಶಿವಮ್ಮಣ್ಣಿಯ ಅಂಗಡಿಯ ತುಂಬ ಮೂಟೆಗಳು ಒಡೆದು, ಹಿಂಡಿಯೆಲ್ಲ ಕೆಸರಿನಲ್ಲಿ ಕಲಸಿಹೋಗಿತ್ತು. ಆಕೆ ಮೆಟ್ಟಿಲ ಮೇಲೆ ಕೂತಿದ್ದರು.

"ಈ ಸಲ ಒಂದ್ನೂ ಮುಟ್ನಿಲ್ಲ ಸಾ. ಟೆಂಪೋ ಬಾಗ್ಲಿಗೇ ಬಂದಿತ್ತು, ವಾಪಸ್ ಕಳುಸ್ದೆ," ಎಂದವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ದನ ತಿನ್ನೋ ಅನ್ನ ಕಣ್ ಸಾ ಇದು."

ಸರಕು ಉಳಿಸಿಕೊಳ್ಳಬೇಕೆಂಬ ಆ ಷರತ್ತು ನೆನಪಾಗಿ, ಟೆಂಪೋ ಮಾತನ್ನು ನಾನು ವರದಿಗೆ ಸೇರಿಸಲಿಲ್ಲ. ಕ್ಲೇಮ್ ಪೂರ್ತಿ ಬಂತು.

ಈಗ ನಿವೃತ್ತನಾದ ಮೇಲೆ ಯಾರಾದರೂ ವಿಮೆಯ ಬಗ್ಗೆ ಸಲಹೆ ಕೇಳಿದರೆ ಮೊದಲು ಒಂದು ಮಾತು ಹೇಳುತ್ತೇನೆ: ಆಪತ್ತಿಗೆ ಸರಕು ಸಾಗಿಸುವ ಜಾಗವಿದ್ದರೆ, ಅದರ ವಿಳಾಸವನ್ನೂ ಪಾಲಿಸಿಯಲ್ಲಿ ಮೊದಲೇ ಬರೆಸಿಡಿ. ಒಂದು ಅರ್ಜಿಯ ಕೆಲಸ ಅದು. ಶಿವಮ್ಮಣ್ಣಿಗೆ ಇದನ್ನು ಹೇಳಲು ನನಗೆ ಎರಡು ವರ್ಷ ಇತ್ತು. ಹೇಳಲಿಲ್ಲ.