ಹಡಗಿಗೆಂದು ಇಟ್ಟ ಹುಣಸೆಹಣ್ಣು

ಇದನ್ನು ಬರೆಯಬೇಕೆಂದು ಕೂತು ಎದ್ದುಹೋದದ್ದು ಎಷ್ಟು ಸಲವೋ. ಒಂದು ಸಲ ಕನ್ನಡಕ ಸರಿಯಿಲ್ಲ ಅಂದುಕೊಂಡೆ, ಇನ್ನೊಂದು ಸಲ ಮೊಮ್ಮಕ್ಕಳ ಗಲಾಟೆ ಅಂದುಕೊಂಡೆ. ನಿಜವೆಂದರೆ, ಬರೆದಮೇಲೆ ಅದು ನನ್ನ ಅಕ್ಷರದಲ್ಲೇ ನನ್ನ ಕಣ್ಣಮುಂದೆ ಇರುತ್ತದಲ್ಲ ಎಂಬ ಹೆದರಿಕೆ. ಈಗ ಕನ್ನಡಕ ಹೊಸದು. ಮನೆಯವರೆಲ್ಲ ಮದುವೆಗೆ ಹೋಗಿದ್ದಾರೆ. ಇನ್ನು ನೆಪ ಉಳಿದಿಲ್ಲ.

ಮೂವತ್ತರ ದಶಕದ ಕೊನೆಯ ಮಾತು. ಮಂಡ್ಯದಲ್ಲಿ ಹೈಸ್ಕೂಲು ಮುಗಿಸಿ ಮಳವಳ್ಳಿಯ ಕಚೇರಿಯೊಂದರಲ್ಲಿ ನಕಲು ಗುಮಾಸ್ತನಾಗಿದ್ದೆ. ನಮ್ಮೂರು ಅಲ್ಲಿಂದ ಬೆಳಕವಾಡಿಗೆ ಹೋಗುವ ದಾರಿಯಲ್ಲಿ. ಮನೆಯಲ್ಲಿ ಅವ್ವ, ಅತ್ತಿಗೆ, ನಾನು. ಅಣ್ಣ ಪಿನಾಂಗಿನ ಹತ್ತಿರ ಒಂದು ರಬ್ಬರು ತೋಟದಲ್ಲಿ ಕೆಲಸಕ್ಕಿದ್ದ. ಮದುವೆಯಾದ ನಾಲ್ಕನೇ ತಿಂಗಳಿಗೆ ಹೋದವನು ಎರಡು ವರ್ಷವಾದರೂ ಬಂದಿರಲಿಲ್ಲ. ಆ ಬೇಸಿಗೆಯಲ್ಲಿ ಅವನ ಕಾಗದ ಬಂತು. ಮನೆ ಸಿಕ್ಕಿದೆ, ಅವಳನ್ನು ಕಳಿಸಿ, ಮದರಾಸಿನಿಂದ ಹಡಗಿಗೆ ಟಿಕೆಟ್ಟು ಮಾಡಿಸಿದ್ದೇನೆ, ತೋಟದ ಇನ್ನೊಬ್ಬರ ಸಂಸಾರ ಅದೇ ಹಡಗಿನಲ್ಲಿ ಬರುತ್ತಿದೆ, ಜೊತೆಗೆ ಚಿಂತೆಯಿಲ್ಲ ಎಂದಿತ್ತು. ಹಡಗು ಹೊರಡುವುದಕ್ಕೆ ಇನ್ನೂ ಮೂರು ತಿಂಗಳಿತ್ತು.

ಅತ್ತಿಗೆಗೆ ಓದು ಬರುತ್ತಿರಲಿಲ್ಲ. ಅಣ್ಣನ ಕಾಗದ ಓದುವುದೂ ಅವನಿಗೆ ಬರೆಯುವುದೂ ನನ್ನ ಕೆಲಸ. ಆ ಸಲದ ಕಾಗದದಲ್ಲಿ ಎರಡು ಪುಟ ತುಂಬ ಹಡಗು ಹತ್ತುವವರಿಗೆ ಹೇಳುವ ಬುದ್ಧಿಮಾತೇ. ಸಿಡುಬು ಬಾರದಂತೆ ದೇವಿ ಹಾಕಿಸಿಕೊಂಡ ಚೀಟಿಯನ್ನು ಟಿಕೆಟ್ಟಿನ ಜೊತೆ ಮಡಿಸಿ ಸೊಂಟದ ಚೀಲದಲ್ಲಿಡು, ಕೇಳಿದವರಿಗೆಲ್ಲ ತೋರಿಸಬೇಡ. ತಗಡಿನ ಪೆಟ್ಟಿಗೆಗಳೆಲ್ಲ ಒಂದೇ ಥರ ಕಾಣುತ್ತವೆ, ನಿನ್ನದಕ್ಕೆ ಹಗ್ಗ ಬಿಗಿದು ಕೆಂಪು ಬಟ್ಟೆ ಕಟ್ಟು. ಪೆಟ್ಟಿಗೆ ಹಡಗಿನ ತಳಕ್ಕೆ ಹೋದರೆ ಇಳಿಯುವ ತನಕ ಕೈಗೆ ಸಿಗದು, ದಾರಿಗೆ ಬೇಕಾದ ಸೀರೆ, ಹುರಿಹಿಟ್ಟು, ಬೆಲ್ಲ ಬೇರೆ ಗಂಟಿನಲ್ಲಿರಲಿ. ಹತ್ತಿದ ತಕ್ಷಣ ಹಡಗಿನ ನಡುಮಧ್ಯ ನೋಡಿ ಚಾಪೆ ಹಾಸು, ಅಲ್ಲಿ ತೂಗಾಟ ಕಡಿಮೆ. ಅತ್ತಿಗೆ ಇದನ್ನೆಲ್ಲ ನನ್ನಿಂದ ನಾಲ್ಕು ಸಲ ಓದಿಸಿ, ರಾಗಿ ಬೀಸುತ್ತಾ ಬಾಯಿಪಾಠ ಹೇಳಿಕೊಳ್ಳುತ್ತಿದ್ದರು.

ಅವ್ವನಿಗೆ ಸೊಸೆಯನ್ನು ಕಳಿಸಲು ಮನಸ್ಸಿರಲಿಲ್ಲ.

"ದಿಬ್ಬಣ ಬರುವಾಗ ಅರಿಗೋಲಲ್ಲಿ ಆ ದಡದಿಂದ ಈ ದಡಕ್ಕೆ ಬರೋದ್ರಲ್ಲಿ ಎಲ್ಡು ಕಿತ ಕಕ್ಕಿದ್ಲು. ಇವಳು ಅಡಗು ಹತ್ತಾಳ? ಇನ್ನೊಂದ್ ಕಿತ ನೀರ್ ಕಂಡು ಕಕ್ಕಿದ್ಲು ಅಂತ ನನ್ನ ಕಿವಿಗೆ ಬೀಳ್ಲಿ, ಕಳ್ಸಾಕಿಲ್ಲ ಕಣ್ಲಾ. ದಾರೀಲಿ ಸತ್ರೆ ಯಾರ್ ಒಣೆ?"

ಈ ಮಾತು ನನ್ನೆದುರಿಗೇ ಆಡಿದ್ದು. ನೆನಪಿಟ್ಟುಕೊಳ್ಳಬೇಕಾದವನು ನಾನೇ ಮರೆತೆ.

ನಾನು ಅನುಮಾನದ ಮನುಷ್ಯ. ಕಚೇರಿಯಲ್ಲಿ ದಿನವೆಲ್ಲ ಬೇರೆಯವರ ಅರ್ಜಿ ನಕಲು ಮಾಡಿ ಮಾಡಿ, ಪ್ರತಿಯೊಬ್ಬನೂ ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದೇ ಹೆಚ್ಚು ಎಂದು ನಂಬಿದ್ದೆ. ಯಾರಾದರೂ ನಕ್ಕರೆ ಯಾಕೆ ನಕ್ಕ ಎಂದು ನೋಡುತ್ತಿದ್ದೆ. ಅಂಥವನ ಕಣ್ಣಿಗೆ ಅತ್ತಿಗೆಯ ದಿನಚರಿ ಬದಲಾದದ್ದು ಬಿತ್ತು. ವಾರಕ್ಕೆರಡು ದಿನ ಬೆಳಿಗ್ಗೆ, ಅವ್ವ ಹೊಲಕ್ಕೆ ಹೊರಟಮೇಲೆ, ಬೆಳಕವಾಡಿಯ ದೊಡ್ಡಮ್ಮನ ಮನೆಗೆಂದು ಹೋಗುತ್ತಾರೆ. ಬರುವಾಗ ಮುಖ ಬಿಳಿಚಿಕೊಂಡಿರುತ್ತದೆ. ಸೀರೆಯ ಅಂಚು ಒದ್ದೆ. ಒಂದು ರಜೆಯ ದಿನ ಹಿತ್ತಲಿನ ಬೇಲಿ ಹಿಡಿದುಕೊಂಡು ವಾಂತಿ ಮಾಡುವುದನ್ನೂ ಕಂಡೆ. ಸೆರಗಿನ ತುದಿಯಲ್ಲಿ ಯಾವಾಗಲೂ ಹುಣಸೆಹಣ್ಣಿನ ಉಂಡೆ, ಯಾರೂ ಇಲ್ಲದಾಗ ಅದನ್ನು ದವಡೆಗೆ ಸೇರಿಸುತ್ತಾರೆ.

"ಅತ್ಗೆ, ಮೈ ಸರಿಯಾಗಿಲ್ವಾ?" ಅಂದೆ.

"ನಂಗೇನಾಗದೆ? ಬಿಸ್ಲು ಕಣಪ್ಪ."

"ಹುಣ್ಸೆಹಣ್ಣು?"

"ಬಾಯಿ ಚಪ್ಪೆ ಅನ್ನುಸ್ತು. ಹುಣ್ಸೆಹಣ್ ತಿನ್ನಾಕೂ ನಿಮ್ ಕಚೇರಿಗೆ ಅರ್ಜಿ ಆಕ್ಬೇಕಾ?"

ನಗುತ್ತಲೇ ಹೇಳಿದರು. ಆ ನಗು ನನಗೆ ಸರಿಬೀಳಲಿಲ್ಲ.

ಅದಾದ ಮೂರು ನಾಲ್ಕು ದಿನಕ್ಕೆ ಗೋಡೆಯ ಆಚೆ ಒಂದು ಮಾತು ಕೇಳಿದೆ. ಹೊಳೆ ಕಡೆಯ ಒಬ್ಬ ಹೆಂಗಸು ಹಿತ್ತಲ ಬಾಗಿಲಿಗೆ ಮೀನು ತರುತ್ತಿದ್ದಳು. ಅವಳ ಹತ್ತಿರ ಅತ್ತಿಗೆ ದನಿ ತಗ್ಗಿಸಿ ಹೇಳುತ್ತಿದ್ದರು: "ಬಸ್ರದ ಮಾತು ನಮ್ಮತ್ತೆಮ್ಮನ ಕಿವಿಗೆ ಬೀಳ್ಬಾರ್ದು ಕಣೆ. ತಿಳಿದ್ರೆ ಅಡಗು ಹತ್ಸಾಕಿಲ್ಲ."

ನಮ್ಮ ಕಡೆ ಬಸುರಿಯನ್ನು ಬಸ್ರಿ ಅನ್ನುತ್ತಾರೆ, ಬಸುರನ್ನು ಬಸ್ರು. ನನಗೆ ಇನ್ನೇನು ಬೇಕಾಗಿತ್ತು? ಗಂಡ ಸಮುದ್ರದಾಚೆ, ಎರಡು ವರ್ಷ. ವಾಂತಿ, ಹುಳಿ, ಮುಚ್ಚುಮರೆ. ಎಲ್ಲ ಸಾಲಾಗಿ ಕೂತವು.

ಆ ದಿನವೇ ಅಣ್ಣನಿಗೆ ಕಾಗದ ಬರೆದೆ. ಒಂದೇ ಒಂದು ಸುಳ್ಳನ್ನೂ ಬರೆಯಲಿಲ್ಲ, ಅದೇ ನನ್ನ ಜಾಣತನ. ಮಳೆ, ದನ, ಅವ್ವನ ಮಂಡಿನೋವು ಬರೆದು, ಕೊನೆಗೆ ಎರಡು ಸಾಲು ಸೇರಿಸಿದೆ: "ಅತ್ತಿಗೆಗೆ ಈಚೆಗೆ ಬೆಳಗಿನ ಹೊತ್ತು ವಾಂತಿಯಾಗುತ್ತಿದೆ. ಹುಳಿ ಬೇಕೆನ್ನುತ್ತಾರೆ." ಓದಿದವನು ಏನು ತಿಳಿಯುತ್ತಾನೆಂದು ಗೊತ್ತಿದ್ದೇ ಬರೆದೆ. ಮಳವಳ್ಳಿಯ ಅಂಚೆಗೆ ನಾನೇ ಹಾಕಿದೆ.

ಅಷ್ಟಕ್ಕೇ ಬಿಡಲಿಲ್ಲ. ಆ ಗಂಡಸು ಯಾರೆಂದು ನೋಡಬೇಕಿತ್ತು. ಮುಂದಿನ ವಾರ ಕಚೇರಿಗೆ ರಜೆ ಹಾಕಿ ಅತ್ತಿಗೆಯ ಹಿಂದೆ ಹೋದೆ. ದೊಡ್ಡಮ್ಮನ ಮನೆ ದಾಟಿ ಅವರು ಹೊಳೆಯ ಕಡೆ ಇಳಿದರು. ನಾನು ಹೊಂಗೆಮರದ ಮರೆಯಲ್ಲಿ ನಿಂತೆ.

ಹೊಳೆಯಲ್ಲಿ ಒಂದು ಹರಿಗೋಲು, ಅದರಲ್ಲಿ ಹಲ್ಲಿಲ್ಲದ ಒಬ್ಬ ಮುದುಕ ಅಂಬಿಗ. ಅತ್ತಿಗೆ ಅವನೆದುರು ಕೂತು ಅಂಚು ಹಿಡಿದುಕೊಂಡರು. ಮುದುಕ ದಡ ಬಿಟ್ಟವನೇ ಹರಿಗೋಲನ್ನು ಬುಗುರಿಯ ಹಾಗೆ ತಿರುಗಿಸತೊಡಗಿದ.

"ನೀರ್ ನೋಡ್ಬ್ಯಾಡ ಕಣವ್ವ! ಆಚೆ ದಡ ನೋಡು. ಅಡಗಲ್ಲಿ ದಡ ಇರಾಕಿಲ್ಲ, ಆಕಾಸ ನೀರು ಕೂಡೋ ಗೆರೆ ಇರ್ತದೆ, ಅದ್ನೇ ನೋಡು. ಒಟ್ಟೆ ಖಾಲಿ ಬುಡ್ಬ್ಯಾಡ, ಹುರಿಹಿಟ್ಟು ಒಂದೊಂದೇ ಮುಕ್ಕು. ಹುಳಿ ದವಡೇಲಿ ಅದಾ?"

"ಅದೆ ತಾತ."

"ಒಳಗಡೆ ಮುದುರ್ಕೊಂಡು ಮಲ್ಗಿದ್ರೆ ಸತ್ತೆ ಅಂತ್ಲೇ ಲೆಕ್ಕ. ಎದ್ದು ಮೇಲುಗಡೆ ಗಾಳಿಗೆ ಬಾ. ನಾವು ಬಸ್ರಕ್ಕೆ ಓಗೋವಾಗ, ಮೀಸೆ ಬುಟ್ಕೊಂಡಿದ್ದ ಹವಾಲ್ದಾರ ಕೆಳಗಡೆ ಬಿದ್ಕೊಂಡು ಅವ್ವಾ ಅವ್ವಾ ಅಂತಿದ್ದ. ನಾನು ಮೇಲುಗಡೆ ಬೀಡಿ ಸೇದ್ತಿದ್ದೆ."

ದಡದಲ್ಲಿ ಮೀನಿನ ಹೆಂಗಸು ನಿಂತಿದ್ದಳು. ಅವನ ಸೊಸೆಯಂತೆ. ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು:

"ಬಸ್ರದ ತಾತೋ, ಸಾಕು ಬುಡು! ಈ ವಾರ ಒಂದೇ ಕಿತ ಕಕ್ಕವ್ಳೆ, ಗೆದ್ಲು!"

ಮೊದಲ ಯುದ್ಧಕ್ಕೆ ದೋಣಿ ಕೆಲಸಕ್ಕೆಂದು ಬಸ್ರಾ ಬಂದರಿಗೆ ಹೋಗಿ ಬಂದವನು ಅವನು. ಆ ಕಡೆಯವರು ಅವನ ಹೆಸರನ್ನೇ ಮರೆತು ಬಸ್ರದ ತಾತ ಎಂದು ಕರೆಯುತ್ತಿದ್ದರು. ನಾನು ಗೋಡೆಯಾಚೆ ಕೇಳಿದ ಬಸ್ರದ ಮಾತು ಬಸುರಿನದಲ್ಲ, ಅವನದು. ಹೊಟ್ಟೆ ಗಟ್ಟಿಮಾಡಿಕೊಳ್ಳಲು ಅತ್ತಿಗೆ ಕದ್ದು ಅಭ್ಯಾಸ ಮಾಡುತ್ತಿದ್ದರು. ಅಭ್ಯಾಸದಲ್ಲಿ ವಾಂತಿಯಾದದ್ದು ಅವ್ವನಿಗೆ ತಿಳಿದರೆ ಗಂಡನ ಹತ್ತಿರ ಹೋಗುವುದೇ ತಪ್ಪಿಹೋಗುತ್ತಿತ್ತು. ಅದಕ್ಕೇ ಆ ಮುಚ್ಚುಮರೆ.

ತಪ್ಪು ತಿಳಿದದ್ದನ್ನು ಇಂದಿಗೂ ನಾನು ಅಷ್ಟು ದೊಡ್ಡ ಪಾಪ ಅನ್ನುವುದಿಲ್ಲ. ಪಾಪ ಶುರುವಾದದ್ದು ಆಮೇಲೆ.

ಮಾರನೆಯ ದಿನ ಮದ್ದೂರಿಗೆ ಬಸ್ಸು ಹತ್ತಿದೆ, ಅಣ್ಣನಿಗೆ ತಂತಿ ಕೊಡೋಣವೆಂದು. ತಂತಿಯವನು ಪೆನ್ಸಿಲ್ಲು ಹಿಡಿದು, "ಏನ್ ಸ್ವಾಮಿ, ಹೇಳಿ" ಅಂದ. ಏನು ಹೇಳುವುದು? ಹುಳಿ ಹಡಗಿಗಾಗಿ ತಿಂದದ್ದು ಅನ್ನಲೇ? ಅತ್ತಿಗೆ ಬಸುರಿಯಲ್ಲ ಅನ್ನಲೇ? ಹಿಂದೆ ನಾಲ್ಕು ಜನ ನಿಂತಿದ್ದರು. ಅವರಲ್ಲಿ ಒಬ್ಬ ನಮ್ಮ ಕಚೇರಿಗೆ ಬಂದುಹೋಗುವವನಂತೆ ಕಂಡ. ಮನೆಯ ಮಾತು ಕೇಳಿಸಿಕೊಳ್ಳಲೆಂದೇ ನಿಂತಿದ್ದಾನೆ ಎನಿಸಿತು. "ಆಮೇಲೆ ಬರ್ತೀನಿ" ಎಂದು ಬಂದುಬಿಟ್ಟೆ.

ಕಾಗದ ಬರೆಯಬಹುದಿತ್ತು. ಬರೆದರೆ, ಮೊದಲ ಕಾಗದಕ್ಕೆ ಏನು ಅರ್ಥವಿತ್ತೆಂದು ನಾನೇ ಒಪ್ಪಿಕೊಂಡಂತೆ. ನಾನು ಕಂಡದ್ದನ್ನು ಬರೆದೆ, ಅಷ್ಟೇ, ಅಣ್ಣ ಹಾಗೆಲ್ಲ ತಿಳಿಯುವವನಲ್ಲ ಎಂದುಕೊಂಡೆ. ನಾಳೆ ಬರೆದರಾಯಿತು ಎಂದೂ ಅಂದುಕೊಂಡೆ. ಅತ್ತಿಗೆ ಪೆಟ್ಟಿಗೆಗೆ ಹೊಸ ಹಗ್ಗ ಬಿಗಿದು, ಹಳೆಯ ಸೀರೆ ಹರಿದು ಕೆಂಪು ಪಟ್ಟಿ ಕಟ್ಟಿದರು. ಅವ್ವನೂ ಅಷ್ಟರಲ್ಲಿ ಮೆತ್ತಗಾಗಿ ಹುರಿಹಿಟ್ಟು ಮಾಡಿಕೊಡಲು ಒಪ್ಪಿದ್ದಳು.

ಹಡಗಿಗೆ ಮೂರು ವಾರವಿರುವಾಗ ಅಣ್ಣನ ಕಾಗದ ಬಂತು. ಅತ್ತಿಗೆ ಎದುರು ಕೂತರು. ನಾನು ಓದಿದೆ: "ಈ ಸಲ ಬರುವುದು ಬೇಡ. ಟಿಕೆಟ್ಟು ಹಿಂದಕ್ಕೆ ಕೊಟ್ಟಿದ್ದೇನೆ."

"ಯಾಕಂತೆ?"

"ಬರ್ದಿಲ್ಲ."

"ಇನ್ನೊಂದ್ ಕಿತ ಓದು."

ಓದಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ ಎದ್ದುಹೋದರು. ಪೆಟ್ಟಿಗೆಯ ಹಗ್ಗ ಬಿಚ್ಚಿ ಬಾವಿಗೆ ಹಾಕಿದರು. ಆ ಹಗ್ಗ ಸವೆದು ಹೋಗುವವರೆಗೂ ಅದರಲ್ಲೇ ನೀರು ಸೇದಿದೆವು.

ಅವರ ಹೊಟ್ಟೆ ಏರಲಿಲ್ಲ, ಮಗು ಹುಟ್ಟಲಿಲ್ಲ. ತಿಂಗಳುಗಳು ಕಳೆದರೂ ಮಗುವಿನ ಸುದ್ದಿ ಬಾರದೆ ಅಣ್ಣನಿಗೆ ತಾನೇ ತಿಳಿದು ಮತ್ತೆ ಕರೆಸಿಕೊಳ್ಳುವ ಮಾತು ಬರೆಯುವಷ್ಟರಲ್ಲಿ ಎರಡನೆಯ ಯುದ್ಧ ಬಂತು, ಆಮೇಲೆ ಕಾಗದವೂ ನಿಂತಿತು. ಯುದ್ಧವೆಲ್ಲ ಮುಗಿದಮೇಲೆ ಒಂದು ದಿನ ಬಸ್ಸಿನಿಂದ ಇಳಿದವನನ್ನು ಅವ್ವ ಗುರುತು ಹಿಡಿಯಲಿಲ್ಲ. ನಾನು ಅವನ ಕಾಲು ಹಿಡಿದು ಎಲ್ಲ ಹೇಳಿದೆ.

"ನೀನ್ ಬರ್ದಿದ್ದು ಎಲ್ಡು ಸಾಲು ಕಣ್ಲಾ. ಮಿಕ್ಕಿದ್ದ ನಾನೇ ಓದ್ಕೊಂಡೆ," ಅಂದ. ಆಮೇಲೆ, "ಅವಳಿಗೇಳಿದ್ಯಾ?"

"ಇಲ್ಲ."

"ಅವಳಿಗೇಳು."

ಬಸ್ರದ ತಾತನ ಮುಂದೆಯೂ ಹೋಗಿ ತಲೆ ತಗ್ಗಿಸಿದೆ. ಅವನಿಗೆ ಕಿವಿ ಮಂದವಾಗಿತ್ತು, ಎರಡು ಸಲ ಕೂಗಿ ಹೇಳಬೇಕಾಯಿತು. ಈ ವಯಸ್ಸಲ್ಲಿ ನನ್ನ ಮೇಲೆ ಇಂಥ ಅನುಮಾನ ಪಟ್ಟೋನು ನೀನೊಬ್ನೇ ಎಂದು ಬೊಚ್ಚುಬಾಯಿ ಬಿಟ್ಟು ನಕ್ಕ.

ಅತ್ತಿಗೆ ಸಮುದ್ರ ನೋಡಲೇ ಇಲ್ಲ. ಆದರೆ ನಮ್ಮ ಸುತ್ತಮುತ್ತ ಹಡಗು ಹತ್ತುವವರು ಯಾರಿದ್ದರೂ ಅತ್ತಿಗೆಯ ಹತ್ತಿರ ಬಂದು ಬುದ್ಧಿಮಾತು ಕೇಳಿಕೊಂಡು ಹೋಗುತ್ತಿದ್ದರು. ನನ್ನ ಮಗಳು ಮದುವೆಯಾಗಿ ಗಂಡನ ಜೊತೆ ಇಂಗ್ಲೆಂಡಿಗೆ ಹೊರಟಾಗಲೂ, ನಡುಮನೆಯಲ್ಲಿ ಎದುರಿಗೆ ಕೂರಿಸಿಕೊಂಡು ಹೇಳಿದರು. ನಾನು ಜಗುಲಿಯಲ್ಲಿ ಪೇಪರು ಹಿಡಿದು ಕೂತಿದ್ದೆ. ಪೆಟ್ಟಿಗೆಗೆ ಕೆಂಪು ಬಟ್ಟೆ, ಗಂಟು ಬೇರೆ, ಮಲಗುವುದು ನಡುಮಧ್ಯ, ಕಣ್ಣು ಆಕಾಶ ನೀರು ಕೂಡುವ ಗೆರೆಯ ಮೇಲೆ. ಒಂದು ಅಕ್ಷರ ಮರೆತಿರಲಿಲ್ಲ. ಕೊನೆಗೆ ಅವಳ ಕೈಗೆ ಒಂದು ಪೊಟ್ಟಣ ಕೊಟ್ಟರು.

"ಹುಣ್ಸೆಹಣ್ಣು. ಅಡಗು ಹತ್ತೋಗಂಟ ಮನೇಲಿ ಯಾರ್ ಕಣ್ಣಿಗೂ ಬೀಳ್ದಂಗೆ ಇಟ್ಕೊ ಕಣವ್ವ. ಕಂಡ್ರೆ ಕಾಗ್ದ ಬರ್ದುಬುಡ್ತಾರೆ."

ಮಗಳು ಅರ್ಥವಾಗದೆ ನಕ್ಕಳು. ಅವರೂ ನಕ್ಕರು. ಜಗುಲಿಯ ಕಡೆ ತಿರುಗಿ ನೋಡಲಿಲ್ಲ. ಅಣ್ಣ ಹೇಳಿದ್ದನೋ, ಆ ಕಾಗದ ಓದುವಾಗಲೇ ನನ್ನ ಮುಖದಲ್ಲಿ ಕಂಡಿದ್ದರೋ ತಿಳಿಯದು. ಆ ಗಳಿಗೆಯಲ್ಲಿ ಎದ್ದು ಒಳಗೆ ಹೋಗಬಹುದಿತ್ತು, ನಾಲ್ಕು ಹೆಜ್ಜೆ. ನಾನು ಪೇಪರಿನ ಹಾಳೆ ತಿರುವಿದೆ. ಅದಾಗಿ, ಅವರು ತೀರಿಕೊಳ್ಳುವ ತನಕ, ಆರು ವರ್ಷ ಒಂದೇ ಸೂರಿನಡಿ ಇದ್ದೆವು, ಅವರೇ ಅನ್ನ ಬಡಿಸಿದರು.

ಅಣ್ಣನಲ್ಲಿ ಕ್ಷಮೆ ಕೇಳಿದೆ, ತಾತನಲ್ಲಿ ಕೇಳಿದೆ. ಕ್ಷಮಿಸಿ ಎಂದು ಕೇಳದೆಯೇ ಕಳಿಸಿಕೊಟ್ಟದ್ದು ನನ್ನ ಅತ್ತಿಗೆಯನ್ನು.