ಏರಿಯಲ್ ತಂತಿಯ ಮೇಲೆ ಮಡಿಸೀರೆ

ಏಕೀಕರಣದ ವರುಷ ನಾನು ಬೆಟಗೇರಿಯ ಮನೆಗೆ ಸೊಸೆಯಾಗಿ ಬಂದು ಮೂರೇ ತಿಂಗಳಾಗಿತ್ತು. ಮಾವನವರಿಗೆ ಗುಡಿಯ ಪೂಜೆ ಮುಗಿದರೆ ಬ್ಯಾಟರಿ ರೇಡಿಯೋನೇ ದೇವರು. ಕನ್ನಡ ಸೀಮೆಗಳೆಲ್ಲ ಒಂದಾಗುವ ಸುದ್ದಿಗೆ ಕಿವಿಗೊಟ್ಟು ಕೂತಿರುತ್ತಿದ್ದರು. ಅದರ ಏರಿಯಲ್ ತಂತಿಯನ್ನು ಮಾಳಿಗೆಯ ಮೇಲೆ ಎರಡು ಬಿದಿರಿಗೆ ಬಿಗಿದಿದ್ದರು.

ಅತ್ತೆಯವರ ಮಡಿಸೀರೆಯನ್ನು ಯಾರ ಮೈಯೂ ತಾಕದಷ್ಟು ಎತ್ತರದಲ್ಲಿ ಒಣಹಾಕಬೇಕು. ದಿನಾ ಅವರೇ ಹಾಕುತ್ತಿದ್ದರು, ಅಂದು ಮೊದಲ ಸಲ ನನ್ನ ಕೈಗೆ ಕೊಟ್ಟರು. ಮಾಳಿಗೆ ಹತ್ತಿ ನೋಡಿದರೆ ಬಟ್ಟೆ ಹಾಕುವ ಗಳ ಮುರಿದು ಬಿದ್ದಿತ್ತು. ತಂತಿಗಿಂತ ಮಡಿಯಾದ ಜಾಗ ಬೇರೆ ಯಾವುದು? ಹಸಿ ಸೀರೆಯನ್ನು ಅದರ ಮೇಲೆಯೇ ಹರವಿದೆ.

ಸಂಜೆ ರೇಡಿಯೋ ಬರೀ ಕೊರ್ ಎಂದಿತು.

"ತಂತಿ ಯಾರು ಮುಟ್ಟಿದ್ರಿ?" ಮಾವನವರು ಗುಡುಗಿದರು. ಅತ್ತೆಯವರು ತಲೆ ಬಗ್ಗಿಸಿ ಅಕ್ಕಿ ಆರಿಸುತ್ತಿದ್ದರು. ಡಂಬಳದ ತವರಿಗೆ ಗಂಟು ಕಟ್ಟುವುದೇ ಗತಿ ಎಂದುಕೊಂಡೆ. ಮರುದಿನವೂ ಹಾಗೇ ಕೊರ್.

ಮೂರನೆಯ ದಿನ ಕಳಸಾಪುರದ ರೈತರೊಬ್ಬರು ಬಂದರು. "ರಾಯರ, ನಮ್ಮೂರ ರೇಡಿಯೋ ಮೂಕ ಆಗೇತ್ರಿ. ನಿಮ್ಮದು ಹೆಂಗೈತ್ರಿ?"

ಹೋದ ಜೀವ ಬಂದಂತಾಯಿತು! ಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ಯಜಮಾನರು ಆಗ ಬಾಯಿಬಿಟ್ಟರು. "ಸೂರ್ಯನಾಗ ಏನೋ ಗದ್ದಲ ಎದ್ದಿರಬೇಕು, ಅಪ್ಪಾ. ಮ್ಯಾಲಿನ ಗಾಳಿ ಕದಡಿದರ ರೇಡಿಯೋ ಕೇಳಂಗಿಲ್ಲ. ಇಂಥಾದಾಗ ಉತ್ತರದ ದೇಶದಾಗ ಆಕಾಶ ಬೆಳಗತದಂತ."

ಈ ಮಾತನ್ನು ಮೊದಲ ದಿನವೇ ಆಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಆ ಬೆಳಕಿನ ಬಗ್ಗೆ ಎಷ್ಟೋ ವರುಷಗಳ ಮೇಲೆ ಓದಿದೆ. ಅದರಲ್ಲೊಂದು ಬಗೆ ಮಿಡಿಯುತ್ತದಂತೆ: ಹತ್ತುತ್ತದೆ, ಆರುತ್ತದೆ, ಕೆಲವು ಸೆಕೆಂಡು ಬಿಟ್ಟು ಮತ್ತೆ ಹತ್ತುತ್ತದೆ. ಎಲೆಕ್ಟ್ರಾನುಗಳು ಭೂಮಿಯ ಕಾಂತಬಲಕ್ಕೆ ಸಿಕ್ಕಿ ಮೇಲೆ ಅತ್ತಿಂದಿತ್ತ ಓಡಾಡುತ್ತಿರುತ್ತವೆ. ಅಲ್ಲಿ ಏಳುವ ಅಲೆಗಳು ತಟ್ಟಿದಾಗೊಮ್ಮೆ ಒಂದಿಷ್ಟು ಕೆಳಗೆ ಉದುರುತ್ತವೆ, ಅವು ಬಡಿದ ತೆಳುಗಾಳಿ ಬೆಳಗುತ್ತದೆ. ಜೋಳದ ಹಿಟ್ಟು ಸಾಣಿಸಿದವಳಿಗೆ ಇದೇನು ಕಷ್ಟ? ಜರಡಿ ತಟ್ಟಿದರೆ ಹಿಟ್ಟು ಬೀಳುತ್ತದೆ, ಕೈ ನಿಂತರೆ ನಿಲ್ಲುತ್ತದೆ.

ಕಳಸಾಪುರದವರು ಬಂದು ಹೋದ ದಿನವೂ ನಾನು ಹಿಟ್ಟು ಸಾಣಿಸುತ್ತ ಕೂತಿದ್ದೆ. ಎದೆ ಹಗುರಾಗಿ ಹಾಡು ಬರುವುದೊಂದು ಬಾಕಿ. ಅತ್ತೆಯವರು ಬಾಗಿಲು ಮುಂದೆ ಮಾಡಿ ಪಕ್ಕಕ್ಕೆ ಬಂದರು.

"ಸೀರಿ ತಂತಿ ಮ್ಯಾಲೆ ಹಾಕಿದ್ದಿ, ಹೌದಲ್ಲ?"

ನನ್ನ ಕೈಯಲ್ಲಿ ಜರಡಿ ನಿಂತಿತು.

"ಗಳ ಮುರದು ಎಂಟು ದಿನಾ ಆಗಿತ್ತವಾ," ಎಂದರು ಮೆಲ್ಲಗೆ. "ನಾನೂ ದಿನಾ ಅಲ್ಲೇ ಹಾಕತಿದ್ದೆ. ಮೂರು ದಿನದಿಂದ ನನಗ ಅನ್ನ ಸೇರಿಲ್ಲ."