ಬರುವ ಮೊದಲೇ ‘ಬಂತು’ ಎಂದವನು

ನನಗೆ ನೆನಪಿತ್ತು, ನೀಲಾಂಬಿಕಾ ಅವರೇ. ಎಲ್ಲವೂ ನೆನಪಿತ್ತು. ಅಂದು ಮೀಟಿಂಗ್ ರೂಮಿನಲ್ಲಿ, ಮ್ಯಾನೇಜರ್ ಪ್ರಸನ್ನನ ಮುಂದೆ, ನಿಮ್ಮ ಮುಖದೆದುರೇ ‘ನನಗೆ ನೆನಪಿಲ್ಲ ಮೇಡಂ’ ಎಂದೆನಲ್ಲ — ಅದು ಸುಳ್ಳು. ಗಡಿಬಿಡಿಯಲ್ಲ, ಬಾಯಿತಪ್ಪಿ ಬಂದದ್ದೂ ಅಲ್ಲ. ನೀವು ಎಲ್ಲಿ ನಿಂತು ಹೇಳಿದಿರಿ, ಏನೇನು ಹೇಳಿದಿರಿ, ನಿಮ್ಮ ಪಾಲಿನ ಕಾಫಿಗೆ ಸಕ್ಕರೆ ಸಾಲದೆಂದು ಮುಖ ಕಿವುಚಿದ್ದು ಕೂಡ ನೆನಪಿತ್ತು. ನೆನಪಿದ್ದುದರಿಂದಲೇ ಸುಳ್ಳು ಹೇಳಿದೆ. ನಿಜವಾಗಿ ಮರೆತವನಿಗೆ ಸುಳ್ಳಿನ ಅಗತ್ಯ ಎಲ್ಲಿರುತ್ತದೆ?

ಮರೆಯುವ ಪೈಕಿಯವನಲ್ಲ ನಾನು. ಅದು ಆಫೀಸಿಗೆಲ್ಲ ಗೊತ್ತು, ಕೊಡಿಗೇಹಳ್ಳಿಯ ನಮ್ಮ ಬೀದಿಗೂ ಗೊತ್ತು. ಸ್ಕೂಟರಿಗೆ ಬೀಗ ಹಾಕಿ, ಮನೆಯ ಬಾಗಿಲಿಗೆ ಬಂದು, ಮತ್ತೆ ಹಿಂದೆ ಹೋಗಿ ಹ್ಯಾಂಡಲ್ ಅಲುಗಾಡಿಸಿ ನೋಡುವವನು. ಜಗುಲಿಯಲ್ಲಿ ಕೂತ ನನ್ನ ತಾಯಿ ‘ಬೀಗ ಆಕಿದ್ದೀಯ ಕಣೋ ಮುನಿರಾಜು, ಓಗಿ ಉಣ್ಣೋಗು’ ಎನ್ನುತ್ತಾರೆ. ಐವತ್ತು ದಾಟಿದ ಮಗನಿಗೆ. ಇಂಥವನು ‘ನೆನಪಿಲ್ಲ’ ಎಂದಾಗ ಯಾರಾದರೂ ನಕ್ಕುಬಿಡಬೇಕಿತ್ತು. ಯಾರೂ ನಗಲಿಲ್ಲ. ನಂಬಿದರು — ಅಥವಾ ನಂಬುವುದು ಅವರಿಗೂ ಸಲೀಸಾಗಿತ್ತೋ ಏನೋ…

ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ ಎಂದೇ ಬರೆಯುತ್ತಿರುವುದು. ಅವರಿಗೂ ಅರ್ಥವಾಗಬೇಕು.

ನಮ್ಮದು ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಸಣ್ಣ ಕಂಪನಿ. ಇಸಿಜಿ ಯಂತ್ರ ಒಂದೂರಿನ ಕ್ಲಿನಿಕ್ಕಿನಲ್ಲಿ, ಅದನ್ನು ನೋಡುವ ಡಾಕ್ಟರು ಇನ್ನೊಂದೂರಿನಲ್ಲಿ. ಯಂತ್ರದ ಯುಎಸ್‌ಬಿ ವೈರು ಅಷ್ಟುದ್ದ ಹೋಗುವುದಿಲ್ಲವಷ್ಟೆ. ಹಾಗಾಗಿ ಡಾಕ್ಟರ ಕಂಪ್ಯೂಟರಿಗೆ ‘ಯಂತ್ರವನ್ನು ನಿನಗೇ ಚುಚ್ಚಿದ್ದಾರೆ’ ಎಂದು ನಂಬಿಸುವ ಒಂದು ತಂತ್ರಾಂಶ ಬೇಕು. ಅದನ್ನು ವರ್ಚುವಲ್ ಯುಎಸ್‌ಬಿ ಡ್ರೈವರ್ ಎನ್ನುತ್ತೇವೆ. ಅದನ್ನು ಬರೆದವನು ನಾನು. ಇಲ್ಲದ ವೈರನ್ನು ಇದೆಯೆಂದು ನಂಬಿಸುವುದೇ ಹೊಟ್ಟೆಪಾಡು. ಅಭ್ಯಾಸ ಕೈಯಿಂದ ಬಾಯಿಗೂ ಹತ್ತಿತು ಅನ್ನಬಹುದು — ಬೇಡ, ಇದು ನೆಪದಂತೆ ಕೇಳಿಸುತ್ತಿದೆ.

ಎದೆಬಡಿತದ ಗೆರೆ ತುಣುಕು ತುಣುಕಾಗಿ ಬರುತ್ತದೆ. ಪ್ರತಿ ತುಣುಕಿಗೂ ಡ್ರೈವರ್ ಕಾದು, ಎಷ್ಟು ಬಂತೆಂದು ಎಣಿಸಿ, ಆಮೇಲೆ ಡಾಕ್ಟರ ಕಂಪ್ಯೂಟರಿಗೆ ‘ಬಂತು’ ಎನ್ನಬೇಕು. ಹೀಗೆ ಕಾಯುತ್ತಿದ್ದರಿಂದ ಪರದೆಯ ಮೇಲೆ ಗೆರೆ ಕುಂಟುತ್ತಿತ್ತು. ಡೆಮೋ ಹತ್ತಿರವಾಗಿತ್ತು, ಪ್ರಸನ್ನನಿಗೆ ವೇಗ ಬೇಕಾಗಿತ್ತು. ನಾನೊಂದು ಸುಧಾರಣೆ ಮಾಡಿದೆ — ಕಂಪ್ಯೂಟರ್ ಕೇಳಿದಷ್ಟೂ ಬಂತೆಂದು ಮೊದಲೇ ಹೇಳಿಬಿಡುವುದು, ನಿಜವಾದ ತುಣುಕುಗಳು ಹಿಂದಿನಿಂದ ಓಡಿಬಂದು ಸೇರಿಕೊಳ್ಳುತ್ತವೆ. ನಮ್ಮ ಕಡೆಯವರಿಗೆ ಇದೇನು ಹೊಸದಲ್ಲ. ಮನೆಯಲ್ಲಿ ಚಪ್ಪಲಿ ಹುಡುಕುತ್ತಿರುವಾಗಲೇ ಫೋನಿನಲ್ಲಿ ‘ಹೆಬ್ಬಾಳ ಫ್ಲೈಓವರ್ ಮೇಲಿದೀನಿ ಗುರು’ ಎನ್ನುವವರು ನಾವು. ಬಹಳ ಸಲ ನಡೆದುಹೋಗುತ್ತದೆ.

ನಡೆದುಹೋಗದ ಸಲವನ್ನು ಹುಡುಕುವುದು ನಿಮ್ಮ ಕೆಲಸವಾಗಿತ್ತು. ಗದಗಿನಿಂದ ಬಂದವರು, ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟು ವರ್ಷಗಳ ನಂತರ ಮರಳಿದವರು, ಇನ್ನೂ ಪ್ರೊಬೇಷನ್ನಿನಲ್ಲಿದ್ದ ಟೆಸ್ಟರ್. ಕೆಲಸ ಖಾಯಂ ಆದ ತಕ್ಷಣ ಊರಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಮಗಳನ್ನು ಕರೆತಂದು ಇಲ್ಲಿಯ ಶಾಲೆಗೆ ಸೇರಿಸಬೇಕೆಂದು ಹೇಳಿದ್ದಿರಿ. ಆಗಲೇ ಒಂದೆರಡು ಶಾಲೆ ನೋಡಿಯೂ ಬಂದಿದ್ದಿರಿ. ಯಾವ ಶಾಲೆಯ ಬಸ್ಸು ಕೊಡಿಗೇಹಳ್ಳಿಯ ಒಳಗೆ ಬರುತ್ತದೆಂದು ನನ್ನನ್ನೇ ಕೇಳಿದ್ದಿರಿ.

ನಿಮ್ಮ ಪರೀಕ್ಷೆಯ ರೀತಿ ನಮಗೆಲ್ಲ ತಮಾಷೆ. ಯಂತ್ರ ಓಡುತ್ತಿರುವಾಗಲೇ ಸರಕ್ಕನೆ ವೈರು ಕಿತ್ತುಬಿಡುವುದು. ಹುಡುಗರು ನಿಮಗೆ ‘ವೈರ್ ಕೀಳೋ ಮೇಡಂ’ ಎಂದೇ ಹೆಸರಿಟ್ಟಿದ್ದರು — ಹುಡುಗರ ಮೇಲೆ ಯಾಕೆ ಹಾಕಲಿ, ಇಟ್ಟವನು ನಾನು. ಹೀಗೆ ಯಾರು ಕೀಳುತ್ತಾರೆ ಎಂದು ನಾನು ರೇಗಿಸಿದಾಗ ನೀವು ತಲೆ ಎತ್ತದೆಯೇ, ‘ಕ್ಲಿನಿಕ್ಕಿನ್ಯಾಗ ಕಸಾ ಹೊಡಿಯೋರು ನಿಮ್ಮನ್ನ ಕೇಳಿ ವೈರ್ ಎಳೀತಾರೇನ್ರಿ ಸರ್?’ ಎಂದಿದ್ದಿರಿ.

ಹಾಗೆ ಕಿತ್ತಾಗಲೇ ಅದು ಸಿಕ್ಕಿದ್ದು. ತುಣುಕುಗಳು ನಡುವೆ ನಿಂತುಹೋದರೂ ನನ್ನ ಡ್ರೈವರ್ ಆಗಲೇ ‘ಪೂರ್ತಿ ಬಂತು’ ಎಂದು ಹೇಳಿಯಾಗಿತ್ತು. ಬಾರದ ಭಾಗದಲ್ಲಿ ಏನಿರುತ್ತಿತ್ತು? ತೊಳೆಯದ ಪಾತ್ರೆಯ ತಳದಲ್ಲಿ ನಿನ್ನೆಯ ಸಾರು ಉಳಿದಂತೆ, ಹಿಂದಿನ ರೋಗಿಯ ಗೆರೆ. ಅರ್ಧ ಒಬ್ಬರ ಎದೆಬಡಿತ, ಉಳಿದರ್ಧ ಇನ್ನೊಬ್ಬರದು. ನೋಡುವವರಿಗೆ ಒಂದೇ ಗೆರೆ.

ನಮ್ಮಲ್ಲೊಂದು ಪದ್ಧತಿಯಿತ್ತು. ಬಗ್, ಅಂದರೆ ದೋಷ, ಸಿಕ್ಕರೆ ಸಿಸ್ಟಂನಲ್ಲಿ ಟಿಕೆಟ್ ಹಾಕಿ ದಾಖಲಿಸಬೇಕು. ಆದರೆ ಟಿಕೆಟ್ ಬಿದ್ದರೆ ಆ ತಂತ್ರಾಂಶ ಬರೆದವನ ಅಪ್ರೈಸಲ್ಲಿಗೆ ಪೆಟ್ಟು. ಅದಕ್ಕೇ ಮೊದಲು ಕೆಳಗಿನ ದರ್ಶಿನಿ ಹೋಟೆಲಿನಲ್ಲಿ, ಒಂದನ್ನು ಇಬ್ಬರು ಹಂಚಿಕೊಳ್ಳುವ ಬೈ-ಟು ಕಾಫಿ. ಬಗ್ ಅಲ್ಲಿ ಬಾಯಿಮಾತಲ್ಲೇ ಹುಟ್ಟಿ, ಬಾಯಿಮಾತಲ್ಲೇ ಸಾಯಬೇಕು. ಅಂದೂ ಕಾಫಿ ಕೊಡಿಸಿದವನು ನಾನೇ.

‘ಟಿಕೆಟ್ ಹಾಕ್ಬೇಡಿ ಮೇಡಂ. ಡೆಮೋ ಒಂದು ಆಗ್ಲಿ, ನಾನೇ ಸರಿ ಮಾಡ್ತೀನಿ.’

‘ಬಾಯಿಮಾತು ಸಾಕೇನ್ರಿ ಸರ್?’ ಎಂದಿರಿ ನೀವು. ಹೊಸಬರು. ನಿಮ್ಮ ಊರಿನಲ್ಲಿ ಬಾಯಿಮಾತಿಗೆ ಇರುವ ಬೆಲೆ ನಮ್ಮ ದರ್ಶಿನಿಯಲ್ಲೂ ಇದ್ದೀತು ಎಂದುಕೊಂಡಿರೇನೋ.

‘ನಾನಿದೀನಲ್ಲ ಮೇಡಂ’ ಎಂದೆ.

ಡೆಮೋ ಚೆನ್ನಾಗಿ ಆಯಿತು. ಗೆರೆ ನೀರಿನಂತೆ ಓಡಿತು, ಚಪ್ಪಾಳೆ ಬಿತ್ತು. ಆಮೇಲೆ ನಾನು ಅದನ್ನು ಸರಿಮಾಡಲಿಲ್ಲ. ಮರೆತಿರಲಿಲ್ಲ — ದಿನಾ ನೆನೆಯುತ್ತಿದ್ದೆ, ಸ್ಕೂಟರಿನ ಬೀಗದ ಜೊತೆಗೇ. ಸರಿಮಾಡಿದರೆ ಗೆರೆ ಮತ್ತೆ ಕುಂಟುತ್ತದೆ, ಯಾಕೆ ಎಂದು ಕೇಳುತ್ತಾರೆ, ಆಗ… ಚಿಂತೆ ಮಾಡುವುದೇ ಕೆಲಸ ಮಾಡಿದಂತೆ ಎಂದು ತಿಳಿದವನು ನಾನು. ಬೀಗವನ್ನಾದರೂ ಎದ್ದು ಹೋಗಿ ಎಳೆದು ನೋಡುತ್ತಿದ್ದೆ. ಇದಕ್ಕೆ ಅಷ್ಟೂ ಮಾಡಲಿಲ್ಲ.

ತಂತ್ರಾಂಶ ಕ್ಲಿನಿಕ್ಕುಗಳಿಗೆ ಹೋದ ಮೇಲೆ ಒಂದು ದಿನ ಡಾಕ್ಟರೊಬ್ಬರ ಫೋನು ಬಂತು. ಒಬ್ಬ ರೋಗಿಯ ಗೆರೆ ನಡುವೆ ತಟ್ಟನೆ ಚಹರೆ ಬದಲಿಸಿತ್ತಂತೆ. ಅವರಿಗೆ ಅನುಮಾನ ಬಂದು ರೋಗಿಯನ್ನು ಮತ್ತೆ ಕರೆಸಿ ನೋಡಿದರು, ಹಾಗಾಗಿ ಅನಾಹುತ ತಪ್ಪಿತು. ನಮಗೆ ಗೊತ್ತಿರುವ ಮಟ್ಟಿಗೆ, ಅಷ್ಟೆ. ಅನುಮಾನ ಬಾರದ ಡಾಕ್ಟರುಗಳೂ ಇದ್ದಾರಲ್ಲ — ಆ ಮಾತನ್ನು ಇವತ್ತಿಗೂ ಪೂರ್ತಿ ಯೋಚಿಸಲಾರೆ.

ಪ್ರಸನ್ನ ನಮ್ಮಿಬ್ಬರನ್ನೂ ಕೂರಿಸಿಕೊಂಡ. ಟೆಸ್ಟಿಂಗ್‌ನಲ್ಲಿ ಇದು ಕಂಡಿರಲಿಲ್ಲವೇ ಎಂದ. ಸಿಸ್ಟಂನಲ್ಲಿ ಟಿಕೆಟ್ ಇರಲಿಲ್ಲ. ನೀವು ಗಾಬರಿಯಾಗಲಿಲ್ಲ, ಯಾಕೆಂದರೆ ನಾನು ಅಲ್ಲೇ ಕೂತಿದ್ದೆ.

‘ನಾ ಹೇಳಿದ್ನಲ್ರೀ ಸರ್, ಕಾಫಿ ಕುಡಿಯೋ ಮುಂದ.’

ಆಗ ನಾನು ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತ, ಯೋಚಿಸುವವನಂತೆ ಹುಬ್ಬು ಗಂಟಿಕ್ಕಿ, ಆ ಮಾತು ಹೇಳಿದೆ.

‘ನನಗೆ ನೆನಪಿಲ್ಲ ಮೇಡಂ.’

ನೀವು ನನ್ನನ್ನೇ ನೋಡಿದಿರಿ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದ್ದದ್ದು ಆಶ್ಚರ್ಯ. ವೈರು ಕಿತ್ತರೂ ‘ಪೂರ್ತಿ ಬಂತು’ ಎಂದ ಪರದೆಯನ್ನು ನೀವು ಹಾಗೆಯೇ ನೋಡಿದ್ದಿರಿ.

ದೋಷ ಹಿಡಿಯಲಿಲ್ಲವೆಂದು ನಿಮ್ಮ ಕೆಲಸ ಖಾಯಂ ಆಗಲಿಲ್ಲ. ಕೊನೆಯ ದಿನ ಬ್ಯಾಗು ಹೆಗಲಿಗೇರಿಸಿ ನನ್ನ ಮೇಜಿನ ಹತ್ತಿರ ಬಂದಿರಿ. ಬೈಯುತ್ತೀರೆಂದು ಕಾದೆ, ನಿಜ ಹೇಳಬೇಕೆಂದರೆ ಆಸೆಪಟ್ಟೆ. ನೀವು ಹೇಳಿದ್ದಿಷ್ಟು:

‘ಅದನ್ನರ ಸರಿ ಮಾಡ್ರಿ ಸರ್. ಯಾರದೋ ಎದಿ ಐತಿ ಅದ್ರಾಗ.’

ಮಾಡಿದೆ. ಒಂದೇ ಮಧ್ಯಾಹ್ನದ ಕೆಲಸ. ಕೇಳಿದ್ದೆಷ್ಟು ಎನ್ನುವುದನ್ನು ಬಿಟ್ಟು ಬಂದದ್ದೆಷ್ಟು ಎಂದು ಎಣಿಸುವುದು, ನಡುವೆ ತುಂಡಾದರೆ ತುಂಡಾಯಿತೆಂದು ಒಪ್ಪಿಕೊಳ್ಳುವುದು, ಪಾತ್ರೆಯನ್ನು ಪ್ರತಿ ಸಲ ತೊಳೆಯುವುದು. ಗೆರೆ ಅಷ್ಟೇನೂ ಕುಂಟಲಿಲ್ಲ — ಅದೇ ಎಲ್ಲಕ್ಕಿಂತ ಕಹಿ. ಹೊಸ ಆವೃತ್ತಿಯ ಜೊತೆ ಗ್ರಾಹಕರಿಗೆ ಒಂದು ಸಾಲು ಕಳಿಸಬೇಕಿತ್ತು. ಬರೆದೆ: ‘ಡೇಟಾ ವರ್ಗಾವಣೆಯ ನಿರ್ವಹಣೆಯನ್ನು ಸುಧಾರಿಸಲಾಗಿದೆ.’ ಯಾರು ಕೆಡಿಸಿದರು, ಯಾರು ಹಿಡಿದುಕೊಟ್ಟರು, ಅದಕ್ಕಾಗಿ ಯಾರ ಕೆಲಸ ಹೋಯಿತು, ಒಂದೂ ಇಲ್ಲ. ಆ ವರ್ಷ ಆ ಸುಧಾರಣೆಗೆಂದೇ ನನಗೊಂದು ಬಹುಮಾನದ ಮಗ್ಗು ಕೊಟ್ಟರು. ಮನೆಯಲ್ಲಿ ಅದರಲ್ಲಿ ಹಲ್ಲುಜ್ಜುವ ಬ್ರಷ್ಷು ಇಟ್ಟಿದ್ದಾರೆ. ದಿನಾ ಬೆಳಗ್ಗೆ ಬಾಯಿ ತೊಳೆಯುವ ಹೊತ್ತಿಗೆ ಅದರ ಮುಖ ನೋಡುತ್ತೇನೆ. ಬಾಯಿಗೆ ತಕ್ಕ ಜಾಗವೇ.

ಹೋದ ತಿಂಗಳು ಗಂಗಾನಗರದ ಬಸ್ ಸ್ಟಾಪಿನಲ್ಲಿ ಹಿಂದಿನಿಂದ ‘ಆರಾಮ ಅದೀರೇನ್ರಿ ಸರ್?’ ಎಂದು ಕೇಳಿದಾಗ ತಿರುಗುವ ಮೊದಲೇ ನೀವೆಂದು ಗೊತ್ತಾಯಿತು. ಅಲ್ಲೇ ಒಂದು ಟ್ಯೂಷನ್ ಸೆಂಟರಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿರುವುದಾಗಿ ಹೇಳಿದಿರಿ. ನಾನು ಕೇಳಬಾರದಿತ್ತು, ಕೇಳಿದೆ — ಮಗಳು?

‘ಅಜ್ಜಿ ಕೂಡನ ಬೆಳೆದ್ಲುರಿ. ಈಗ ನಾ ಕರದ್ರೂ ಬರಂಗಿಲ್ಲ ಅಂತಾಳ.’ ನಕ್ಕಿರಿ. ಆಮೇಲೆ, ‘ಅದು ಸರಿ ಆತೇನ್ರಿ?’

ಇಷ್ಟು ವರ್ಷದ ಮೇಲೂ ನಿಮಗೆ ಬೇಕಾಗಿದ್ದದ್ದು ಆ ಡ್ರೈವರಿನ ಸುದ್ದಿ. ಆಯ್ತು ಮೇಡಂ ಎಂದೆ. ‘ಛಲೋ ಆತು’ ಎಂದಿರಿ, ನಿಜವಾಗಿಯೂ ಸಂತೋಷಪಟ್ಟು. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ನಾನು ‘ಬಸ್ ಬಂತು ಮೇಡಂ’ ಎಂದು ಹೇಳಿ ಸರಸರ ನಡೆದೆ. ಬಸ್ಸು ಬಂದಿರಲಿಲ್ಲ. ಮುಂದಿನ ಸ್ಟಾಪಿನವರೆಗೆ ಕೈಯಲ್ಲಿ ಸೊಪ್ಪಿನ ಚೀಲ ಹಿಡಿದುಕೊಂಡು ನಡೆದೇ ಹೋದೆ.

ನಿನ್ನೆ ಪ್ರಸನ್ನನಿಗೆ ಎಲ್ಲ ಹೇಳಿದೆ. ‘ಈಗ್ಯಾಕ್ ಸಾರ್ ಅದೆಲ್ಲ, ಬಿಡಿ’ ಎಂದ. ಬಿಡುವುದು ಅವನಿಗೂ ಸುಲಭ, ನನಗೂ ಸುಲಭ. ಕಳೆದುಕೊಂಡವರು ನಾವಲ್ಲ. ಆಗ ಕಂಪನಿಯಲ್ಲಿದ್ದವರಿಗೆಲ್ಲ ನನ್ನ ಹೆಸರಿನಲ್ಲೇ ಬರೆದು ಕಳಿಸಿದ್ದೇನೆ: ನೀಲಾಂಬಿಕಾ ಹೇಳಿದ್ದರು, ನಾನು ಮುಚ್ಚಿಟ್ಟೆ. ಇದರಿಂದ ನಿಮ್ಮ ಕೆಲಸ ಮರಳುವುದಿಲ್ಲ. ಗದಗಿನಲ್ಲಿ ಕಳೆದ ನಿಮ್ಮ ಮಗಳ ಬಾಲ್ಯವನ್ನು ಯಾವ ಸುಧಾರಣೆಯೂ… ಇರಲಿ. ಕ್ಷಮಿಸಿ ಎಂದು ಕೇಳುವುದೂ ಇನ್ನೊಂದು ಬೈ-ಟು ಆಗುತ್ತದೆ, ಅರ್ಧ ಭಾರ ನಿಮ್ಮ ಕೈಗೆ ಕೊಟ್ಟಂತೆ. ಕೇಳುವುದಿಲ್ಲ.

ನಾಳೆ ಸಂಜೆ ಟ್ಯೂಷನ್ ಬಿಡುವ ಹೊತ್ತಿಗೆ ಇದನ್ನು ಹಿಡಿದುಕೊಂಡು ಅದೇ ಸ್ಟಾಪಿನಲ್ಲಿ ನಿಂತಿರುತ್ತೇನೆ. ತಲುಪಿತು ಎಂದು ಹೇಳಬೇಕಾದವರು ನೀವು. ನೀವು ಓದಿ ಮುಗಿಸುವವರೆಗೆ, ಆಮೇಲೆ ಹೇಳುವುದನ್ನೆಲ್ಲ ಹೇಳುವವರೆಗೆ, ಬಸ್ಸು ನಿಜವಾಗಿ ಬಂದರೂ ನಾನು ಹತ್ತುವುದಿಲ್ಲ.